ಅಜ್ಜಿಗೆ ಇಂಗ್ಲಿಷ್ ಹಚ್ಚಿದ ಸೆಂಟರ್

"ಕಮ್ ನಿಧಿ, ಈಟ್ ದೋಸೆ."

ಹೀಗೆಂದದ್ದು ನಮ್ಮಮ್ಮ. ಜನ್ಮದಲ್ಲಿ ಇಂಗ್ಲಿಷ್ ಆಡದ ನಮ್ಮಮ್ಮ! ಹೋದ ತಿಂಗಳು ಚೆನ್ನೈನ ಟಿ. ನಗರದ ತಂಗಿ ಮನೆಯಲ್ಲಿ ಇದನ್ನು ಕೇಳಿ ನಾನು ಗೊಳ್ಳೆಂದು ನಕ್ಕೆ. ತಂಗಿ ಸುಧಾ ನಗಲಿಲ್ಲ.

ಅವಳ ಮಗಳು ನಿಧಿಗೆ ಆರು ವರ್ಷ. ಆಟಿಸಂ ಇದೆ, ಮಾತು ಕಡಿಮೆ. "ಮನೇಲಿ ಕನ್ನಡ, ಬೀದೀಲಿ ತಮಿಳು, ಸ್ಕೂಲಲ್ಲಿ ಇಂಗ್ಲಿಷು. ಮಗು ಕನ್‌ಫ್ಯೂಸ್ ಆಗತ್ತೆ, ಒಂದೇ ಭಾಷೆ ಇಟ್ಕೊಳ್ಳಿ ಅಂದ್ರು ಅಣ್ಣ, ಥೆರಪಿ ಸೆಂಟರಲ್ಲಿ" ಎಂದಳು. ಆ ಒಂದು ಯಾವುದೆಂದು ಬೇರೆ ಹೇಳಬೇಕೆ?

ಸುಧಾ ಬ್ಯಾಂಕಿನಿಂದ ಬರುವವರೆಗೆ ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ. ಅಮ್ಮನ ಇಂಗ್ಲಿಷ್ ತಿಂಡಿ ಹೊತ್ತಿಗೇ ಮುಗಿದುಹೋಗುತ್ತಿತ್ತು. ಆಮೇಲೆ ಫ್ಯಾನಿನ ಸದ್ದು ಮಾತ್ರ.

"ಜಡೆ ಹಾಕೋವಾಗ ಏನಾದ್ರೂ ಹೇಳೋಣ ಅನ್ಸತ್ತೆ ಕಣೋ. ನಾನು ಬಾಯಿಬಿಟ್ಟು ಮಗೂಗೆ ತೊಂದ್ರೆ ಆದ್ರೆ?" ಎಂದರು ಅಮ್ಮ. ಬೇರೆ ಸೆಂಟರಲ್ಲೂ ಒಮ್ಮೆ ಕೇಳೋಣ ಎಂದೆ ಸುಧಾಗೆ.

ಒಳ್ಳೆಯ ಸೆಂಟರನ್ನು ಗುರುತಿಸುವುದಾದರೂ ಹೇಗೆ? ಎಸಿ ನೋಡಿಯೋ, ಗೋಡೆಯ ಸರ್ಟಿಫಿಕೇಟ್ ನೋಡಿಯೋ? (ಹೋಟೆಲಾದರೆ ಸಾಂಬಾರಿನ ರುಚಿ ನೋಡಬಹುದು.) ಕಳೆದ ವಾರ ಅಡ್ಯಾರಿನ ಇನ್ನೊಂದು ಸೆಂಟರಿಗೆ ಎಲ್ಲರೂ ಹೋದೆವು. ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅಲ್ಲಿನ ಸ್ಪೀಚ್ ಥೆರಪಿಸ್ಟ್ ನನಗೆ ಅವಕಾಶವನ್ನೇ ಕೊಡಲಿಲ್ಲ.

"ಮನೇಲಿ ಹೆಚ್ಚು ಹೊತ್ತು ನಿಧಿ ಜೊತೆ ಇರೋದು ಯಾರು?" ಆಕೆ ತಮಿಳಿನಲ್ಲಿ ಕೇಳಿದರು. ಅಮ್ಮ ಕ್ಲಾಸಿನ ಮಕ್ಕಳ ಹಾಗೆ ಕೈಯೆತ್ತಿದರು.

"ಹಾಗಾದ್ರೆ ನಿಮ್ಮ ಭಾಷೇಲೇ ಮಾತಾಡಿ, ಅಜ್ಜಿ. ಎರಡು ಭಾಷೆ ಕಿವಿಗೆ ಬಿದ್ರೆ ಆಟಿಸಂ ಹೆಚ್ಚಾಗಲ್ಲ. ನೀವೇ ಸುಮ್ಮನಿದ್ರೆ ಅವಳು ಯಾರ ಹತ್ರ ಮಾತು ಕಲೀಬೇಕು?"

ಅಮ್ಮ ನನ್ನ ಮುಖ ನೋಡಿದರು. "ನಿಜವೇನೋ?" ಎಂದು ಎರಡು ಸಲ ಕೇಳಿದರು.

ಮನೆಗೆ ಬಂದವರೇ ಬಾಚಣಿಗೆ ಹಿಡಿದು ಕೂತರು. "ಬಾರೇ ಬಂಗಾರಿ, ತಲೆ ನೋಡು, ಗುಬ್ಬಿಗೂಡು!" ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಹೂವಿನವಳು, ಎದುರು ಮನೆ ಬೆಕ್ಕು, ಸುಧಾಳ ಸಿಡುಕು, ಎಲ್ಲ ಬಂದುಹೋದವು.

ನಿಧಿ ಒಂದು ಮಾತೂ ಆಡಲಿಲ್ಲ. (ಪವಾಡ ಕಾಯುತ್ತಿದ್ದವರು ಕ್ಷಮಿಸಿ.) ಆದರೆ ಜಡೆ ಮುಗಿದ ಮೇಲೆ ತಾನೇ ಅದನ್ನು ಬಿಚ್ಚಿದಳು. ಬಾಚಣಿಗೆಯನ್ನು ಮತ್ತೆ ಅಜ್ಜಿಯ ಕೈಗಿಟ್ಟು, ಬೆನ್ನು ತಿರುಗಿಸಿ ಕೂತಳು.

ಮಾತು ಕಲಿಸುತ್ತೇವೆಂದು ಬೋರ್ಡು ಹಾಕಿಕೊಂಡು ಅಜ್ಜಿಯ ಬಾಯಿಗೆ ಬೀಗ ಹಾಕಿದವರಿಗೆ ಯಾವ ಥೆರಪಿ ಕೊಡಿಸೋಣ, ಹೇಳಿ?