ಆಯಿ ಹುಡುಕಿದ ಹಲ್ಲು

ಗೋಕಾಕದ ಹಲ್ಲಿನ ಡಾಕ್ಟರು ಮೊನ್ನೆ ನನ್ನ ಅಂಗೈಯಾಗ ಒಂದು ಸಣ್ಣ ಹಲ್ಲು ಇಟ್ಟರು. ಕಟ್ಟಿಸೋ ಹಲ್ಲಿನ ಸಲುವಾಗಿ ವಸಡು ಕೊಯ್ದಾಗ ಸಿಕ್ಕಿದ್ದು. "ಅಜ್ಜಿ, ಇದು ನಿಮ್ಮ ಹಾಲಹಲ್ಲರಿ. ಬೀಳದನ ಎಲುವಿಗೆ ಅಂಟಿಕೊಂಡು, ವಸಡಿನ ಕೆಳಗ ಹುದುಗಿಬಿಟ್ಟೈತಿ," ಅಂದರು. ನಾ ಅಲ್ಲೇ ಕುರ್ಚಿ ಮ್ಯಾಲೆ ಅತ್ತಬಿಟ್ಟೆ. ನೋವಿಗೆ ಅಂತ ತಿಳದು ಅವರು ಗುಳಗಿ ಬರದುಕೊಟ್ಟರು.

ಯಾವ ನೋವು ಅಂತ ನಿಮಗಷ್ಟ ಹೇಳತೇನಿ. ಬ್ರಿಟಿಷರ ಆಳಿಕಿ ಇದ್ದಾಗ, ಕೊಣ್ಣೂರಾಗ, ನನ್ನದೊಂದು ದವಡಿ ಹಲ್ಲು ಹೇಳದ ಕೇಳದ ಮಾಯ ಆತು. ಓಣಿ ಹುಡುಗರೆಲ್ಲ ಬಿದ್ದ ಹಲ್ಲು ಸಗಣ್ಯಾಗ ಇಟ್ಟು ಮಾಳಿಗಿ ಮ್ಯಾಲೆ ಒಗೀತಿದ್ದರು, ಹೊಸಾದು ಲಗೂನ ಬರಲಿ ಅಂತ. ನನ್ನ ಹತ್ರ ಒಗ್ಯಾಕ ಹಲ್ಲೇ ಇಲ್ಲ! ಅಪ್ಪನ ಅವ್ವ, ನಮ್ಮ ಆಯಿ, ಹಾಸಿಗಿ ಝಾಡಿಸಿದಳು, ಕಸಾ ಕೆದರಿದಳು, ಕಡೀಕ ಗಲ್ಲಕ್ಕ ಕೈ ಹಚ್ಚಿ ಕುಂತಳು.

"ನಾ ಬಡದ ಕಟಕ ರೊಟ್ಟಿ ಸಂಗಾಟ ಹಲ್ಲೂ ನುಂಗೇತಿ ಕೂಸು. ನನ್ನ ಕೈಯಾರೆ ಹಾಳ ಮಾಡಿದ್ನಲ್ಲೋ ಶಿವನೇ!"

"ಒಂದ್ ಹಲ್ಲಿಗೆ ಎಷ್ಟ ಹಳಹಳಿಸ್ತಿ ಬೇ?" ಅಂತ ಅಪ್ಪ ನಕ್ಕ.

"ನಾಳೆ ಕನ್ಯಾ ನೋಡಾಕ ಬಂದವರು ಬಾಯಿ ನೋಡಿದ್ರ ನೀ ಉತ್ತರಾ ಕೊಡ್ತಿಯೇನ?"

ಹಲ್ಲಿನ ಬದಲಿ ಗೋಂಜಾಳದ, ಅಂದ್ರ ಮೆಕ್ಕಿಜೋಳದ, ಕಾಳು ಸಗಣ್ಯಾಗ ಇಟ್ಟು ನನ್ನ ಕೈಲೆ ಒಗಸಿದಳು. ನಮ್ಮದು ಮಣ್ಣಿನ ಮಾಳಿಗಿ. ಮಳಿ ಬಿದ್ದ ಮ್ಯಾಲೆ ಅಲ್ಲಿ ಗೋಂಜಾಳ ಹುಟ್ಟಿ ಮೊಣಕಾಲುದ್ದ ಬೆಳೀತು. ನನ್ನ ಬಾಯಾಗ ಮಾತ್ರ ಏನೂ ಹುಟ್ಟಲಿಲ್ಲ. ಅವತ್ತಿನಿಂದ ನನಗ ಕಟಕ ರೊಟ್ಟಿ ಬಂದ್. ಉಳಿದವರೆಲ್ಲ ಶೇಂಗಾ ಚಟ್ನಿ ಹಚ್ಚಿ ಕಟಕಟ ಮುರದು ತಿನ್ನೋ ಮುಂದ ನಾ ಹಾಲಾಗ ನೆನಸಿದ್ದು ಉಣ್ಣಬೇಕು. ಆಯಿ ಮ್ಯಾಲೆ ಎಂಥಾ ಸಿಟ್ಟು ಬರತಿತ್ತು ಅಂತೀರಿ!

ಹುಕ್ಕೇರಿಯಿಂದ ಬಂದ ಬೀಗರು ನನ್ನ ಬಾಯಿ ನೋಡಲೇ ಇಲ್ಲ, ರೊಟ್ಟಿ ಬಡಿಯೋದು ನೋಡಿ ಒಪ್ಪಿದರು. ಆದರ ಆಯಿ ಜೀವಕ್ಕ ಸಮಾಧಾನ ಎಲ್ಲೀದು? ಕಡೀಗಾಲದಾಗ ಹಾಸಿಗಿ ಹಿಡದಾಗೂ ನನ್ನ ಗದ್ದ ಹಿಡದು, "ಬಂತೇನವಾ ಹಲ್ಲು?" ಅಂತ ಕೇಳಿದಳು. "ಬರಾಕತ್ತೈತಿ ಆಯಿ," ಅಂದೆ. ನಂಬಲಿಲ್ಲ.

ಡಾಕ್ಟರ ಕಡೆಯಿಂದ ಮನಿಗೆ ಬಂದ ಕೂಡಲೆ ಬಾಜೂ ಮನಿ ಎಮ್ಮಿ ಸಗಣಿ ತಂದು, ಹಲ್ಲು ಇಟ್ಟು, ನಮ್ಮ ಸಿಮೆಂಟಿನ ಮಾಳಿಗಿ ಮ್ಯಾಲೆ ಒಗದೆ.

"ಅತ್ತಿ, ಇನ್ನ ಹೊಸಾ ಹಲ್ಲು ಬರತೈತೇನ್ರಿ?" ಅಂತ ಸೊಸಿ ನಕ್ಕಳು.

"ಹಲ್ಲು ಬ್ಯಾಡವಾ, ಒಂದು ಕಟಕ ರೊಟ್ಟಿ ಕೊಡು. ನಮ್ಮ ಆಯಿದೇನೂ ತಪ್ಪಿರಲಿಲ್ಲ."

ಬೊಚ್ಚ ಬಾಯಾಗ ಅದೆಲ್ಲಿ ಮುರೀಬೇಕು. ಹಾಲಾಗ ನೆನಸಿಕೊಂಡು ತಿಂದೆ.