ಅತ್ತೆಯ ಟ್ರಂಕಿಗೆ ಕೊಟ್ಟ ಕಾಲು ಗಂಟೆ

ವಾರಕ್ಕೆ ಒಂದು ಕೋಣೆ, ಅದೂ ಭಾನುವಾರ ಎರಡು ತಾಸು ಮಾತ್ರ ಎಂದು ನಾನೇ ಕಾನೂನು ಮಾಡಿಕೊಂಡಿದ್ದೆ. ಮೊಬೈಲಿನಲ್ಲಿ ಯಾರೋ ಹೇಳಿಕೊಟ್ಟ ಉಪಾಯ ಅದು. ಒಂದೇ ದಿನಕ್ಕೆ ಮನೆಯೆಲ್ಲ ಕಿತ್ತು ಹಾಕಿದರೆ ಸೊಂಟವೂ ಹಿಡಿಯುತ್ತದೆ, ಮನಸ್ಸೂ ಕೆಡುತ್ತದೆ, ಸಾವಕಾಶ ಮಾಡಿ ಎಂದಿದ್ದರು. ಇಪ್ಪತ್ತೆಂಟು ವರ್ಷ ಮುದ್ದೇಬಿಹಾಳದಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿ ಹಿಂದಿನ ವರ್ಷವಷ್ಟೇ ನಿವೃತ್ತಳಾದವಳು ನಾನು. ನನಗೆ ವೇಳಾಪಟ್ಟಿ ಅಂದರೆ ಹಬ್ಬ. ಹಾಳೆಗೆ ಗೆರೆ ಎಳೆದು, ಕೋಣೆಗಳ ಹೆಸರು ಬರೆದು, ಫ್ರಿಜ್ಜಿಗೆ ಅಂಟಿಸಿದೆ. ನನ್ನ ಗಂಡ ಅದನ್ನು ಮೇಲಿಂದ ಕೆಳಗೆ ಓದಿ, "ನನ್ನ ತಗದ ಒಗಿಯೂದು ಯಾವ ವಾರಕ್ಕ ಐತಿ?" ಎಂದು ಕೇಳಿದರು.

ಇಷ್ಟಕ್ಕೆಲ್ಲ ಕಾರಣ ಮಗಳು. ಚೊಚ್ಚಲ ಬಸುರಿ. ಬಸವನ ಬಾಗೇವಾಡಿಯ ಗಂಡನ ಮನೆಯಲ್ಲಿ ಸೀಮಂತದ ಕುಬಸ ಮುಗಿಸಿಕೊಂಡು ಹೆರಿಗೆಗೆ ನಮ್ಮಲ್ಲಿಗೆ ಬರುವವಳಿದ್ದಳು. ಬಾಣಂತಿಗೆ ತಕ್ಕ ಬೆಚ್ಚನೆಯ ಕೋಣೆ ಅಂದರೆ ನಮ್ಮ ಮನೆಯಲ್ಲಿ ಅತ್ತೆಯದೊಂದೇ. ಅತ್ತೆ ಆಗ ತಿಂಗಳೆರಡು ತಿಂಗಳು ಇದ್ದು ಬರುತ್ತೇನೆಂದು ಸಿಂದಗಿಯ ಮಗಳ ಮನೆಗೆ ಹೋಗಿದ್ದರು. ಅಷ್ಟರೊಳಗೆ ಮನೆಯನ್ನು ಕನ್ನಡಿಯಂತೆ ಮಾಡಿ ತೋರಿಸುವ ಹುಕಿ ನನಗೆ.

ಅಡುಗೆಮನೆಗೇ ಮೂರು ಭಾನುವಾರ ಹಿಡಿದವು. ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ, ಕುಕ್ಕರಿನ ಸಡಿಲಾದ ರಬ್ಬರು, ಯಾರ ಯಾರದೋ ಮದುವೆಯಲ್ಲಿ ಬಂದ ಒಂದೇ ನಮೂನೆಯ ತಟ್ಟೆಗಳು. ಹಿಡಿಕೆ ಮುರಿದ ಒಂದು ಕಪ್ಪನ್ನು ಮೂರು ಸಲ ಬುಟ್ಟಿಗೆ ಹಾಕಿ ಮೂರು ಸಲ ಹೊರಗೆ ತೆಗೆದೆ. ಮಗಳು ಚಿಕ್ಕವಳಿದ್ದಾಗ ಅದರಲ್ಲಿ ಹಾಲು ಕುಡಿಯುತ್ತಿದ್ದಳು. ಪಡಸಾಲೆಗೆ ಎರಡು ವಾರ. ನನ್ನ ಕಪಾಟಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟುಗಳೇ ಹನ್ನೊಂದಿದ್ದವು. ಅವನ್ನು ಇನ್ನು ಯಾರೂ ಬಿಡಿಸುವುದಿಲ್ಲ. ಆದರೂ ಒಂದನ್ನೂ ಎಸೆಯಲಿಲ್ಲ, ಅವುಗಳಿಗೆಂದು ಹೊಸ ಪೆಟ್ಟಿಗೆ ತಂದೆ. ನನ್ನ ಸಾಮಾನಿನ ಮೇಲೆ ನನಗೆ ಅಷ್ಟೊಂದು ಕರುಣೆ.

ಆರನೆಯ ಭಾನುವಾರ ಅತ್ತೆಯ ಕೋಣೆ. ಕೇಳದೆ ಕೈಹಾಕಬಾರದೆಂದು ಸಿಂದಗಿಗೆ ಫೋನು ಮಾಡಿದೆ.

"ನಿಮ್ಮ ಕೋಲಿ ಸ್ವಚ್ಛ ಮಾಡ್ಲೇನ್ರಿ ಅತ್ತೀ?"

"ಮಾಡವ್ವಾ, ಧೂಳ ಭಾಳ ಆಗೇತಿ. ಟ್ರಂಕ ಅಷ್ಟ ಇರ್ಲಿ, ನಾ ಬಂದ ಮ್ಯಾಲೆ ನೋಡೂಣು."

"ಆತ್ರಿ, ಆತ್ರಿ," ಎಂದು ಫೋನು ಇಟ್ಟೆ. ಆ ಕೊನೆಯ ಮಾತು ನನಗೆ ಕೇಳಿಸಲೇ ಇಲ್ಲ ಎಂದು ಮುಂದೆ ಎಲ್ಲರಿಗೂ ಹೇಳಿದ್ದೇನೆ, ಗಂಡನಿಗೂ, ಮಗಳಿಗೂ. ಕೇಳಿಸಿತ್ತು. ಟ್ರಂಕನ್ನು ಹಾಗೇ ಬಿಟ್ಟರೆ ಪಟ್ಟಿಯಲ್ಲಿ ಆ ಕೋಣೆಗೆ ಸರಿ ಗುರುತು ಹಾಕುವಂತಿರಲಿಲ್ಲ, ಅಷ್ಟೇ.

ಟ್ರಂಕಿನಲ್ಲಿ ಇದ್ದದ್ದು ಒಂದು ದೊಡ್ಡ ಗಂಟು. ಬಿಚ್ಚಿದರೆ ಬರೀ ಬಟ್ಟೆಯ ತುಂಡುಗಳು. ಅಂಗೈಯಷ್ಟು, ಮೊಳದಷ್ಟು, ಪಟ್ಟೆಯದು, ಚೌಕಳಿಯದು, ಹಳದಿ ಹೂವಿನ ಚೀಟಿ ಬಟ್ಟೆಯದು. ಮೂಗಿಗೆ ನುಸಿಗುಳಿಗೆಯ ವಾಸನೆ ಹೊಡೆಯಿತು. ಮುದುಕಿಯರಿಗೆ ಏನೂ ಒಗೆಯಲಿಕ್ಕೆ ಮನಸ್ಸಾಗುವುದಿಲ್ಲ ಎಂದು ಗೊಣಗುತ್ತ ಹಾಗೇ ಮತ್ತೆ ಕಟ್ಟಿದೆ. ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಸ್ಕೂಟಿ ರಿಪೇರಿ ಮಾಡುವವರು, ಕೈ ಒರೆಸಲು ಹತ್ತಿ ಬಟ್ಟೆ ಇದ್ದರೆ ಕೊಡಿ ಎಂದು ಯಾವಾಗಲೋ ಕೇಳಿದ್ದರು. ಅಂದೇ ಒಯ್ದು ಕೊಟ್ಟೆ. ಯಾವುದೂ ಕಸಕ್ಕೆ ಹೋಗಲಿಲ್ಲವಲ್ಲ ಎಂದು ಹೆಮ್ಮೆ ಬೇರೆ. ಹಿಡಿಕೆ ಮುರಿದ ಕಪ್ಪಿಗೆ ಅರ್ಧ ತಾಸು ಕೊಟ್ಟವಳು ಆ ಟ್ರಂಕಿಗೆ ಕೊಟ್ಟದ್ದು ಕಾಲು ಗಂಟೆ.

ನಾಲ್ಕೈದು ದಿನ ಕಳೆದು ಎರಡು ಮನೆ ಆಚೆಯ ಖಾಲಾ ಬಂದರು. ಓಣಿಯವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಅವರ ಹೊಲಿಗೆಯ ಸಾಲು ನನ್ನ ಹಾಳೆಯ ಗೆರೆಗಿಂತ ನೆಟ್ಟಗೆ.

"ನಿಮ್ಮತ್ತಿ ಬರೂದ್ರಾಗ ತುಂಡ ಹೊಂದಿಸಿ ಇಡತೇನಿ ಅಂದಿದ್ನಿ. ಆ ಗಂಟ ಕೊಡ್ರಿ ಅಕ್ಕೋರ," ಎಂದರು.

"ಯಾವ ಗಂಟ್ರಿ?"

"ಟ್ರಂಕಿನ್ಯಾಗಿಂದು."

"ಅದು ಹಳೇ ಬಟ್ಟಿ ಇತ್ತಲ್ರಿ. ಗ್ಯಾರೇಜಿಗೆ ಕೊಟ್ಟಬಿಟ್ಟೇನಿ."

ಖಾಲಾ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟರು. "ಕೂಸಿನ ಕೌದಿಗೆ ಅಂತ ಎಷ್ಟ ವರ್ಷದಿಂದ ಕೂಡಿಹಾಕಿದ್ರು! ನಿಮ್ಮ ಮಾವನೋರ ಅಂಗಿ, ನಿಮ್ಮ ಯಜಮಾನ್ರು ಸಣ್ಣಾವ್ರ ಇದ್ದಾಗಿನ ಚಡ್ಡಿ, ನೀವು ಮದಿವ್ಯಾದ ವರ್ಷ ಉಟ್ಟ ಸೀರಿ ಸೆರಗು… ಆ ಹಳದಿ ಹೂವಿನ ಚೀಟಿ ನೋಡಿದ್ರೇನು? ಅದು ಆ ಹುಡುಗಿ ಉಡತಿದ್ದ ಪರಕಾರದ್ದು."

ಯಾವ ಹುಡುಗಿ ಎಂದು ಕೇಳಬೇಕಾಗಿರಲಿಲ್ಲ. ಅತ್ತೆಯ ಮೊದಲ ಮಗಳು. ಮಾವ ಇಂಡಿ ಊರಿನಲ್ಲಿ ನೌಕರಿಯಲ್ಲಿದ್ದಾಗ ಏಳು ವರ್ಷದವಳು ಜ್ವರ ಬಂದು ತೀರಿಕೊಂಡಿದ್ದಳು. ಇಷ್ಟು ನನಗೆ ಗಂಡನಿಂದ ಗೊತ್ತು. ಅವಳದೊಂದು ಫೋಟೊ ಕೂಡ ಮನೆಯಲ್ಲಿಲ್ಲ. ಅತ್ತೆ ಮೂವತ್ತು ವರ್ಷದಲ್ಲಿ ಒಂದು ದಿನವೂ ನನ್ನ ಮುಂದೆ ಅವಳ ಸುದ್ದಿ ತೆಗೆದಿರಲಿಲ್ಲ, ಖಾಲಾ ಮುಂದೆ ತೆಗೆದಿದ್ದರು. ಯಾಕೆಂಬುದೂ ನನಗೆ ಗೊತ್ತಿದೆ. ಅತ್ತೆ ಪಕ್ಕ ಬಂದು ಕುಳಿತಾಗೆಲ್ಲ ನಾನು ತಲೆ ಎತ್ತದೆ ಉತ್ತರಪತ್ರಿಕೆ ತಿದ್ದುತ್ತಿರುತ್ತಿದ್ದೆ.

ಚಪ್ಪಲಿ ಮೆಟ್ಟಿದ್ದೇ ಗ್ಯಾರೇಜಿಗೆ ಓಡಿದೆ. "ಭಾಳ ಚಲೋ ಬಟ್ಟಿ ಕೊಟ್ರಿ ಮೇಡಂ, ಎಲ್ಲಾ ಕೆಲಸಕ್ಕ ಬಂತು," ಎಂದು ಆತ ನಕ್ಕ. ಒರೆಸಿದ ಮೇಲೆ ಎಲ್ಲಿ ಹಾಕುತ್ತೀರಿ ಎಂದು ಕೇಳಿದೆ. ಅಂಗಳದ ಮೂಲೆಯಲ್ಲಿದ್ದ ಬೂದಿಯ ಕಡೆ ಕೈ ತೋರಿಸಿದ. "ಮುಂಜಾನಿ ಥಂಡಿ ಇರತೈತಲ್ರಿ, ಮೈ ಕಾಸ್ಕೋತೀವಿ. ಎಣ್ಣಿ ಹತ್ತಿರತೈತಿ, ಚಲೋ ಉರೀತೈತಿ."

ಇನ್ನೂ ಸುಡದ ಬಟ್ಟೆ ಬಿದ್ದಿದ್ದ ತಗಡಿನ ಡಬ್ಬಿಗೆ ಮೊಳಕೈವರೆಗೆ ಕೈಹಾಕಿ ಹುಡುಕಿದೆ. ಆರು ತುಂಡು ಸಿಕ್ಕವು. ಹಳದಿಯದು ಇರಲಿಲ್ಲ. ಸಿಕ್ಕವುಗಳಲ್ಲಿ ಒಂದು ನನ್ನ ಮದುವೆ ವರ್ಷದ ಸೀರೆಯದು. ಮೊದಲ ಸಲ ನೋಡಿದಾಗ ನನಗೆ ಅದರ ಗುರುತೇ ಹತ್ತಿರಲಿಲ್ಲ. ಮನೆಗೆ ತಂದು ಸೋಡಾ ಹಾಕಿ ಕುದಿಸಿದೆ, ತಿಕ್ಕಿದೆ, ಮತ್ತೆ ಕುದಿಸಿದೆ. ಕಪ್ಪು ಕಲೆ ಹೋಗಲಿಲ್ಲ.

ಅತ್ತೆ ಬಂದ ದಿನ ಕೈಕಾಲು ತೊಳೆದುಕೊಂಡು ಕುಳಿತ ಮೇಲೆ ಆ ಆರು ತುಂಡನ್ನು ಅವರ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಬೈಯಲಿ, ಅಳಲಿ, ಸಿಂದಗಿಗೇ ತಿರುಗಿ ಹೋಗುತ್ತೇನೆ ಎನ್ನಲಿ ಎಂದು ಕಾದೆ. ಅವರು ಒಂದೊಂದನ್ನೇ ಎತ್ತಿ ಕೆಳಗಿಟ್ಟರು.

"ಹಳದೀದು?"

"ಇಲ್ರಿ ಅತ್ತೀ. ಸುಟ್ಟೈತಿ."

ತುಂಡುಗಳನ್ನು ತೊಡೆಯ ಮೇಲೆ ಸಾಪು ಮಾಡಿದರು. "ಹೋಗ್ಲಿ ಬಿಡು. ಹಳೇ ಬಟ್ಟಿ," ಎಂದರು. ಆಮೇಲೆ ಚಹಾ ಕೇಳಿದರು. ಒಲೆಯ ಮುಂದೆ ನಿಂತು ಅತ್ತದ್ದು ನಾನು.

ಮರುದಿನ ಖಾಲಾ ಬಂದಾಗ ಕಪಾಟಿನಿಂದ ನನ್ನ ಒಳ್ಳೆಯ ಸೀರೆಗಳನ್ನೆಲ್ಲ ತಂದು, ಯಾವುದು ಬೇಕೋ ಕತ್ತರಿಸಿಕೊಳ್ಳಿ ಎಂದು ಇಬ್ಬರ ಮುಂದೆ ಸುರಿದೆ. ಖಾಲಾ ತಲೆ ಅಲ್ಲಾಡಿಸಿದರು. ಕೂಸಿನ ಕೌದಿಗೆ ಮನೆಯವರು ಉಟ್ಟು ಸವೆಸಿದ ಬಟ್ಟೆಯೇ ಆಗಬೇಕು, ಹೊಸದು ಎಳೆ ಮೈಗೆ ಚುಚ್ಚುತ್ತದೆ ಎಂದರು. ಅತ್ತೆ ತಮ್ಮ ದಿನಬಳಕೆಯ ಎರಡು ಇಳಕಲ್ ಸೀರೆ ಕತ್ತರಿಸಿದರು. ತಮ್ಮ ಹಾಸಿಗೆಯಡಿ ಇಟ್ಟುಕೊಂಡಿದ್ದ ಮಾವನ ಬಿಳಿ ಧೋತರವನ್ನು ಅಡಿಗೆ ಹಾಸಿ ಇಬ್ಬರೂ ಹೊಲಿಯಲು ಕುಳಿತರು. ಅಂಚಿನಿಂದ ಒಳಗೆ ಬರುತ್ತ ಬರುತ್ತ ನಟ್ಟನಡುವೆ ಧೋತರದ ಗೇಣುದ್ದದ ಬಿಳಿ ಚೌಕ ಉಳಿಯಿತು. ಖಾಲಾ ಅಲ್ಲಿಗೊಂದು ತುಂಡು ಹಿಡಿದರು. "ಅಲ್ಲೇನೂ ಹಚ್ಚಬ್ಯಾಡ," ಎಂದರು ಅತ್ತೆ.

ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಬಾಗೇವಾಡಿಯ ಬೀಗರು ಬಂದರು. ಅವರಲ್ಲೊಬ್ಬರು ಹಿರಿಯ ಹೆಂಗಸು ತೊಟ್ಟಿಲ ಮೇಲೆ ಬಾಗಿ, "ಕೌದಿ ಭಾಳ ಚೆಂದ ಆಗೇತ್ರಿ. ನಡುವ ಯಾಕ ಬಿಳೇದ ಬಿಟ್ಟೀರಿ?" ಎಂದು ಕೇಳಿದರು. ನಾನು ಅರಿಶಿನ ಕುಂಕುಮದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ನನ್ನ ಹಿಂದೆ, ಅರೆ ತೆರೆದ ಕಪಾಟಿನಲ್ಲಿ, ನನ್ನ ಸೀರೆಗಳು ಸಾಲಾಗಿ ಮಡಚಿಕೊಂಡಿದ್ದವು. ಅತ್ತೆ ನನ್ನ ಕಡೆ ನೋಡಲಿಲ್ಲ. ಕೂಸಿನ ಕಾಲನ್ನು ಆ ಬಿಳಿಯ ಮೇಲೆ ಸರಿಮಾಡುತ್ತ, "ಬಟ್ಟಿ ಸಾಲಲಿಲ್ರಿ," ಎಂದರು.