ಹಿನ್ನೀರಿನಲ್ಲಿ ನಿಂತಿದ್ದವರು

ಕಲ್ಲೇಶ್ವರನ ಒಕ್ಕಲಿನ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಶರಣು.

ನನ್ನ ಮೊಮ್ಮಗಳು ಚೈತ್ರಾಳ ಪಕ್ಕೆಲುಬು ಬಿರುಕು ಬಿಟ್ಟ ಸುದ್ದಿ ಬಂದದ್ದು ಹೋದ ಕಾಫಿ ಕೊಯ್ಲಿನಲ್ಲಿ. ಅವಳು ದೋಣಿ ಸ್ಪರ್ಧೆಯವಳು; ಒಬ್ಬಳೇ ಕೂತು ಎರಡು ಕೈಯಲ್ಲೂ ಹುಟ್ಟು ಹಾಕುವ ಪಂದ್ಯ. ಹಿಂದಿನ ಒಲಿಂಪಿಕ್ಸ್ ಹೊತ್ತಿಗೆ ಟೈಫಾಯಿಡ್ ಬಂದು ಹೊರಗುಳಿದಿದ್ದಳು. ಈ ಸಲ ಬೇಸಿಗೆಯಲ್ಲಿ ಆಯ್ಕೆ ಪಂದ್ಯ. ಅದರಲ್ಲಿ ಮೊದಲು ಬಂದವಳೊಬ್ಬಳೇ ಒಲಿಂಪಿಕ್ಸ್ ಅರ್ಹತಾ ಸ್ಪರ್ಧೆಗೆ ಹೋಗಬಹುದು.

"ಇದೂ ಹೋದ್ರೆ ಮುಗೀತು ತಾತ," ಎಂದಳು ಊರಿಗೆ ಬಂದವಳು. ಆಲೂರಿನಿಂದ ಹಾಸನದ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ರಸ್ತೆಯ ಪ್ರತಿ ಉಬ್ಬಿಗೂ ಪಕ್ಕೆ ಹಿಡಿದುಕೊಳ್ಳುತ್ತಿದ್ದಳು.

ಡಾಕ್ಟರು ಕೊನೆಗೆ ಮೂಳೆ ಕೂಡಿದೆ, ನಿಧಾನವಾಗಿ ಶುರು ಮಾಡು ಎಂದರು. ಕೋಚ್ ಹಳೇ ಬೋಟ್ ಒಂದನ್ನು ಕೊಟ್ಟರು. ಅದನ್ನು ಸಕಲೇಶಪುರದ ರಶೀದ್ ತನ್ನ ಕಾಫಿ ಲಾರಿಯಲ್ಲಿ ತಂದ. "ಏನಣ್ಣ ಇದು! ಇಷ್ಟುದ್ದ ಐತೆ, ಒಬ್ಬರು ಕೂರಾಕೂ ಜಾಗ ಇಲ್ವಲ್ಲೋ ಮಾರಾಯ," ಎಂದು ನಕ್ಕು, ಬಾಡಿಗೆ ಬೇಡವೆಂದು ಹೊರಟುಹೋದ.

ಮಾರನೆಯ ದಿನದಿಂದ ಚೈತ್ರಾ ಬೆಳಗಿನ ಮಂಜಿನಲ್ಲೇ ಹೇಮಾವತಿಯ ಹಿನ್ನೀರಿಗೆ ಇಳಿದಳು. ಈ ಬೋಟಿನಲ್ಲಿ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ. ದಾಟಿ ಬಂದದ್ದು ಮಾತ್ರ ಅವರಿಗೆ ಕಾಣುತ್ತದೆ. ನಾನು ದಡದಲ್ಲಿ ಕಂಬಳಿ ಹೊದ್ದು ಕೂತಿರುತ್ತಿದ್ದೆ. ಒಂದು ಜಾಗ ದಾಟುತ್ತಲೇ ಅವಳ ಲಯ ತಪ್ಪುತ್ತಿತ್ತು. ಹುಟ್ಟು ನೀರಿಗೆ ಬಡಿಯುತ್ತಿತ್ತು, ಪಕ್ಕೆ ಹಿಡಿದುಕೊಂಡು ವಾಪಸ್ಸಾಗುತ್ತಿದ್ದಳು. ಮತ್ತೆ ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ.

ಕೊನೆಗೊಂದು ದಿನ ಕೇಳಿದಳು: "ತಾತ, ಅಲ್ಲಿ ಯಾರು ನಿಂತ್ಕೊಳಾದು?"

"ಎಲ್ಲಿ?"

"ನೀರಾಗೆ. ಎದೆಮಟ್ಟ. ನಾನು ದಾಟಿದ್ಮೇಲೆ ಕಾಣ್ತಾರೆ. ಕೂಗಿದ್ರೂ ಮಾತಾಡಲ್ಲ. ಮೀನಿನೋರು ಇರಬೇಕು ಅಂದ್ಕಂಡಿದ್ದೆ."

ಆ ಜಾಗದಲ್ಲಿ ನೀರು ಎರಡು ತೆಂಗಿನಮರದಷ್ಟು ಆಳವಿದೆ. ಅದು ನಮ್ಮ ಹಳೇ ಊರಿನ ಕೆಳಗಣ ದಾರಿ. ಅಲ್ಲಿಯವರೆಗೆ ಯಾರಿಗೂ ಹೇಳಿರದ ಮಾತನ್ನು ಈಗ ನಿಮ್ಮೆಲ್ಲರ ಮುಂದೆ ಬರೆಯುತ್ತಿದ್ದೇನೆ.

ಅಣೆಕಟ್ಟಿನ ಮುಳುಗಡೆಯ ವರ್ಷ ಕಲ್ಲೇಶ್ವರನ ಲಿಂಗವನ್ನು ಗಾಡಿಯಲ್ಲಿ ಹೊಸ ಊರಿಗೆ ಸಾಗಿಸಿದರು. ದೇವರ ಕಳೆಯನ್ನು, ಎಂದರೆ ಲಿಂಗದೊಳಗಿನ ಶಕ್ತಿಯನ್ನು, ಮಾತ್ರ ಕಳಶದ ನೀರಿಗೆ ಇಳಿಸಿ, ತಲೆಯ ಮೇಲೆ ಹೊತ್ತು ತರಬೇಕು. ಹೊರುವ ಹಕ್ಕು ನಮ್ಮ ಮನೆಯದು. ಹೊತ್ತವನು ಮಾತಾಡಬಾರದು, ತಿರುಗಿ ನೋಡಬಾರದು. ಅವನ ಹಿಂದೆ ಯಾರೂ ನಡೆಯುವಂತಿಲ್ಲ, ಅದು ದೇವರು ಬರುವ ಜಾಗ. ವಾದ್ಯದವರೂ ಊರವರೂ ಮುಂದೆ ಹೋದರು. ನೀರು ನಮ್ಮ ಅಂಗಳಕ್ಕೆ ಬಂದಿತೋ ಏನೋ ಎಂದು ಆ ಕೆಳಗಣ ದಾರಿಯಲ್ಲಿ ನಾನು ತಿರುಗಿ ನೋಡಿಬಿಟ್ಟೆ. ಕಾಲು ಜಾರಿತು, ಕಳಶ ಪೂರ್ತಿ ಚೆಲ್ಲಿತು. ಯಾರೂ ನೋಡಲಿಲ್ಲ. ಪಕ್ಕದ ಹಳ್ಳದ ನೀರು ತುಂಬಿ, ತೆಂಗಿನಕಾಯಿ ನೆಟ್ಟಗಿಟ್ಟು, ವಾದ್ಯದ ಹಿಂದೆ ನಡೆದೆ. ಆ ನೀರಿನಿಂದಲೇ ಹೊಸ ಗುಡಿಯಲ್ಲಿ ಪ್ರತಿಷ್ಠೆ ಆಯಿತು. ಜನ ನನ್ನ ಕಾಲಿಗೂ ಬಿದ್ದರು.

ಚೈತ್ರಾ ಹಾಗೆ ಕೇಳಿದ ಮೇಲೆ ಬಂದ ಸೋಮವಾರದ ಪೂಜೆಯಲ್ಲಿ ಎಲ್ಲವನ್ನೂ ಹೇಳಿದೆ. ಪೂಜೆ ಮಾಡುವ ತಮ್ಮಡಿ ಶಿವಣ್ಣನ ಕೈಯಲ್ಲಿ ಆರತಿ ತಟ್ಟೆ ಹಾಗೇ ನಿಂತಿತು.

"ಹಂಗಾದ್ರೆ ಇಷ್ಟು ವರ್ಷ ನಾನೂ ನಮ್ಮಪ್ಪನೂ ಬರೀ ಕಲ್ಲಿಗೆ ನೀರು ಹುಯ್ದ್ವಾ ಗೌಡ್ರೇ?"

"ಹೌದಪ್ಪ."

"ಸಾಯೋಕಾಲಕ್ಕಾದ್ರೂ ಬಾಯಿ ಬುಟ್ರಲ್ಲ," ಎಂದು ಹಿಂದಿನಿಂದ ಒಬ್ಬ ಹೆಂಗಸು ಅಂದಳು. ಅದು ನನಗೆ ಸಲ್ಲಬೇಕಾದ ಮಾತೇ. ಕಣ್ಣೀರಿಟ್ಟು ಬೇಡಿದೆ: ಸ್ವಾಮಿ, ಶಿಕ್ಷೆ ನನಗಿರಲಿ, ಆ ಮಗುವನ್ನು ಬಿಟ್ಟುಬಿಡು.

ಶಿವಣ್ಣ ಆರತಿ ತಟ್ಟೆ ಕೆಳಗಿಟ್ಟು, "ಚೆಲ್ಲಿದ ಜಾಗದಿಂದ್ಲೇ ಮತ್ತೆ ತರಬೇಕು, ನೀವೇ ಹೊರಬೇಕು," ಎಂದ.

ಮರುದಿನ ಬೆಳಿಗ್ಗೆ ಮೂವರು ತೆಪ್ಪದಲ್ಲಿ ಹೊರಟೆವು. ಮೀನು ಹಿಡಿಯುವ ಮಂಜ ಮುಂದೆ ಹುಟ್ಟು ಹಾಕುತ್ತಿದ್ದ, ಶಿವಣ್ಣ ನಡುವೆ, ನಾನು ಕೊನೆಗೆ. ಜಾಗ ಗೊತ್ತಿದ್ದವಳು ಚೈತ್ರಾ ಒಬ್ಬಳೇ ಆದ್ದರಿಂದ ಅವಳ ಬೋಟ್ ಮುಂದಿತ್ತು. ಅವಳು ನಿಲ್ಲಿಸಿದಲ್ಲಿ ಶಿವಣ್ಣ ಮಂತ್ರ ಹೇಳಿ ಕಳಶ ತುಂಬಿ ನನ್ನ ತಲೆಯ ಮೇಲಿಟ್ಟ.

ಹಿಂದಿರುಗುವಾಗ ಮಂಜು ಇನ್ನೂ ದಟ್ಟವಾಯಿತು. ನನ್ನ ಬೆನ್ನ ಹಿಂದೆ, ಆಳದ ನೀರಿನಲ್ಲಿ ಯಾರೋ ಕಾಲೆತ್ತಿ ಕಾಲಿಟ್ಟು ನಡೆದು ಬರುವ ಸದ್ದು ಕೇಳಿಸಿತು. ಆಮೇಲೆ ಆ ಸದ್ದು ನಿಂತುಹೋಯಿತು. ಕುತ್ತಿಗೆಗೆ ತಣ್ಣನೆಯ ಉಸಿರು ತಾಕಿದಂತಾಯಿತು. ನಾನು ತಿರುಗಲಿಲ್ಲ. ಎದುರಿಗೆ ಚೈತ್ರಾ ನಮ್ಮ ಕಡೆ ಮುಖ ಮಾಡಿ ಹುಟ್ಟು ಹಾಕುತ್ತಿದ್ದಳು. ಅವಳ ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಹೆಗಲಾಚೆ ಇತ್ತು. ಆದರೆ ಲಯ ಒಮ್ಮೆಯೂ ತಪ್ಪಲಿಲ್ಲ.

ಲಿಂಗಕ್ಕೆ ಆ ನೀರು ಎರೆದ ಮೇಲೆ ಕೇಳಿದೆ: "ಏನು ಕಂಡೆ ಮಗಾ?"

"ಬರೀ ಮಂಜು ತಾತ." ಗುಡಿಯ ಮೆಟ್ಟಿಲಿಳಿಯುತ್ತಾ ಹೇಳಿದಳು: "ಆದ್ರೆ ನೀವು ಮೂರೇ ಜನ ಇದ್ರಿ. ಬರುವಾಗ ತೆಪ್ಪ ನಾಲ್ಕು ಜನ ಕೂತಂಗೆ ತಗ್ಗಿತ್ತು."

ನೀರಿನ ಮೇಲೆ ತೂಕ ಓದುವುದು ಅವಳ ಕಸುಬು.

ಅಂದಿನಿಂದ ಅವಳ ಪಕ್ಕೆ ನೋಯಲಿಲ್ಲ. ಬೇಸಿಗೆಯಲ್ಲಿ ಆಯ್ಕೆ ಪಂದ್ಯ ಮುಗಿದ ಕೂಡಲೇ ಫೋನ್ ಮಾಡಿದಳು. ಏದುಸಿರು ಇನ್ನೂ ಆರಿರಲಿಲ್ಲ. "ತಾತ, ಕೊನೇವರೆಗೂ ಎಲ್ಲಾ ಬೋಟೂ ನಂಗೆ ಕಾಣ್ತಿದ್ವು!" ಎಂದಳು. ಎಲ್ಲರಿಗೂ ಬೆನ್ನು ಹಾಕಿ ಕೂತವಳಿಗೆ ಎಲ್ಲರೂ ಕಂಡರೆಂದರೆ ಎಲ್ಲರಿಗಿಂತ ಮುಂದೆ ಇದ್ದಳು ಎಂದರ್ಥ. ಅದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಈಗ ಅರ್ಹತಾ ಸ್ಪರ್ಧೆಗೆ ಹೊರಟಿದ್ದಾಳೆ. ಒಲಿಂಪಿಕ್ಸ್ ಸಿಕ್ಕಲಿ, ಸಿಗದಿರಲಿ, ನಾನು ಕಲ್ಲೇಶ್ವರನನ್ನು ಇನ್ನೇನೂ ಬೇಡಿಲ್ಲ. ಮಗುವಿನ ದಾರಿ ಬಿಟ್ಟುಕೊಟ್ಟನಲ್ಲ, ಅಷ್ಟಕ್ಕೆ ನನ್ನ ಹಣೆ ಅವನ ಹೊಸ್ತಿಲಿಗೆ. ನಿಮ್ಮಲ್ಲಿ ಯಾರಾದರೂ ಇಂಥ ತಪ್ಪನ್ನು ಒಳಗಿಟ್ಟುಕೊಂಡಿದ್ದರೆ ಬೇಗ ಹೇಳಿಬಿಡಿ. ಅವನು ಕೋಪ ಮಾಡಿಕೊಳ್ಳುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ನಾವು ಚೆಲ್ಲಿದ ಜಾಗದಲ್ಲೇ, ಎದೆಮಟ್ಟದ ನೀರಿನಲ್ಲಿ, ಚಳಿಯಲ್ಲಿ ನಿಂತು ಕಾಯುತ್ತಾನೆ.